ಕತ್ತಿಯನ್ನ ಕೆಂಪಗೆ ಕಾಯ್ಸಿ ನೀರಿಗೆ ಅದ್ದಿದ್ರೆ ಯಾಕೆ ಗಟ್ಟಿ ಆಗುತ್ತೆ?

ನೀರಲ್ಲೇನೂ ವಿಶೇಷ ಇಲ್ಲ, ವಿಷಯ ಇರೋದು ಒಳಗಡೆ ಪರಮಾಣುಗಳ ಜೋಡಣೇಲಿ. ಕತ್ತಿ ಮಾಡೋದು ಸ್ಟೀಲಿಂದ, ಅಂದ್ರೆ ಸ್ವಲ್ಪ ಕಾರ್ಬನ್ ಬೆರೆತ ಕಬ್ಬಿಣ. ತಣ್ಣಗಿದ್ದಾಗ ಕಬ್ಬಿಣದ ಪರಮಾಣುಗಳು ಒಂದು ಡಬ್ಬಿಯ ಎಂಟು ಮೂಲೇಲಿ ಒಂದೊಂದು, ನಟ್ಟನಡುವೆ ಒಂದು ಅನ್ನೋ ಥರ ಕೂತಿರ್ತವೆ, ಇದು ಫೆರೈಟ್, ಇದರೊಳಗೆ ಕಾರ್ಬನ್ ಹೆಚ್ಚಂದ್ರೆ 0.02% ಹಿಡಿಯುತ್ತೆ ಅಷ್ಟೆ. ಸ್ಟೀಲ್ 727 ಡಿಗ್ರಿ ದಾಟ್ತಿದ್ದಂಗೆ ಜೋಡಣೆ ಬದಲಾಗೋಕೆ ಶುರು, ನಡುವಿನದ್ದು ಹೋಗಿ ಡಬ್ಬಿಯ ಆರೂ ಮುಖದ ಮಧ್ಯ ಒಂದೊಂದು ಬರುತ್ತೆ, ಇದೇ ಆಸ್ಟೆನೈಟ್, ಇದ್ರಲ್ಲಿ ಕಾರ್ಬನ್ ಆರಾಮಾಗಿ ಕರಗುತ್ತೆ.

ನಿಧಾನಕ್ಕೆ ಆರಿಸಿದ್ರೆ ಕಾರ್ಬನ್ ಹೊರಗೆ ಬಂದು ಬೇರೆ ಪದರ ಕಟ್ಟುತ್ತೆ, ಲೋಹ ಮೆತ್ತಗಿರುತ್ತೆ. ಗಬಕ್ಕನೆ ಅದ್ದಿದ್ರೆ ಕಾರ್ಬನ್‌ಗೆ ಹೊರಗೆ ಬರೋಕೆ ಟೈಮೇ ಸಿಗಲ್ಲ, ಒಳಗೇ ಸಿಕ್ಕಾಕ್ಕೊಂಡು ಡಬ್ಬಿನ ಉದ್ದಕ್ಕೆ ಎಳೆದುಬಿಡುತ್ತೆ. ಇದು ಮಾರ್ಟೆನ್ಸೈಟ್, ಭಾರಿ ಗಟ್ಟಿ ಆದ್ರೆ ಗಾಜಿನ ಥರ ಪೆಡಸು.

ತೀರ್ಥಹಳ್ಳಿ ಕಡೆ ಕುಲುಮೇಲಿ ಲಾರಿ ಪಟ್ಟಿಯಿಂದ (ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿ) ಕತ್ತಿ ಮಾಡೋದನ್ನ ಹತ್ರ ನಿಂತು ನೋಡಿದೀನಿ. ಅದ್ದಿ ತೆಗೆದ್ಮೇಲೆ ಆಚಾರ್ರು ಕತ್ತಿಯ ಬಾಯನ್ನ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ, ಹಿಂಬದಿನ ಮತ್ತೆ ಕೆಂಡದ ಮೇಲಿಟ್ರು, ಒಣಹುಲ್ಲಿನ ಹಳದಿ ಬಣ್ಣ ನಿಧಾನಕ್ಕೆ ಬಾಯಿ ಕಡೆ ಹರಿದು ಬಂತು, ಅಲ್ಲಿಗೆ ನಿಲ್ಲಿಸಿದ್ರು. ಆ ಹಳದಿ ಅಂದ್ರೆ ಸುಮಾರು 220-230 ಡಿಗ್ರಿ, ಸಿಕ್ಕಾಕ್ಕೊಂಡಿದ್ದ ಕಾರ್ಬನ್ ಸ್ವಲ್ಪ ಹೊರಗೆ ಬಂದು ಬಿಗಿ ಸಡಿಲ ಆಗುತ್ತೆ, ಪೆಡಸು ಕಮ್ಮಿ ಆಗುತ್ತೆ. ನನ್ನ ಪ್ರಕಾರ ಇದೇ ನಿಜವಾದ ಕೈಚಳಕ, ಈ ಹಂತ ಬಿಟ್ರೆ ಕಾಡುಮರದ ಗಂಟಿಗೆ ಹೊಡೆದಾಗ ಬಾಯಿ ಚಕ್ಕೆ ಏಳುತ್ತೆ.

ಮನೇಲಿ ಮಾಡೋರು ಅದ್ದೋ ಮುಂಚೆ ಸಾಕಷ್ಟು ಕಾದಿದೆಯಾ ಅಂತ ಮ್ಯಾಗ್ನೆಟ್ ಹಿಡಿದು ನೋಡಿ, ಆಸ್ಟೆನೈಟ್‌ಗೆ ಅದು ಅಂಟಲ್ಲ. ಲಾರಿ ಪಟ್ಟಿ ಆದ್ರೆ ನೀರಿಗಿಂತ ಎಣ್ಣೆ ವಾಸಿ, ಬಿರುಕು ಬಿಡೋದು ಕಮ್ಮಿ.