ಕುಡಿತ ಬಿಡಿಸುವ ಪುಡಿಯನ್ನು ಗಂಡನಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಬಹುದೇ?

ದಯವಿಟ್ಟು ಬೆರೆಸಬೇಡಿ. ಗಂಡ ದಿನಾ ಕುಡಿಯುತ್ತಾರೆ, ಆಸ್ಪತ್ರೆ ಅಂದರೆ ಜಗಳಕ್ಕೆ ಬರುತ್ತಾರೆ, ಪರಿಚಯದವರೊಬ್ಬರು ಪುಡಿ ತಂದುಕೊಡುತ್ತೇನೆ ಅಂದಿದ್ದಾರೆ, ಅತ್ತೆ ನೋಡಿದರೆ ರೂಮಿನಲ್ಲಿ ಕೂಡಿಹಾಕು ಅನ್ನುತ್ತಾರೆ ಎಂದು ಬರೆದಿದ್ದೀರಿ. ಇದನ್ನೆಲ್ಲ ನಾನೂ ಕಂಡವಳು. ನಮ್ಮ ಯಜಮಾನರು ಕುಡಿತ ಬಿಟ್ಟು ಈಗ ವರ್ಷಗಳೇ ಆದವು.

ಇಂಥ ಎಷ್ಟೋ ಪುಡಿಗಳಲ್ಲಿ ಏನಿದೆ ಅಂತ ಮಾರುವವರಿಗೇ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಮಾತ್ರೆಯನ್ನೇ ಅರೆದು ಸಾರಿಗೆ ಹಾಕುವವರೂ ಇದ್ದಾರೆ. ಅದು ಕುಡಿತ ಬಿಡಿಸಲು ವೈದ್ಯರೇ ಬರೆದುಕೊಡುವ ಔಷಧಿ. ಕುಡಿದದ್ದನ್ನು ಲಿವರ್ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷ ಮಾಡುತ್ತದೆ, ಆಮೇಲೆ ಆ ವಿಷವನ್ನೂ ಕರಗಿಸುತ್ತದೆ. ಈ ಮಾತ್ರೆ ಆ ಎರಡನೇ ಕೆಲಸವನ್ನು ತಡೆಯುತ್ತದೆ. ಆಗ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಬಿಪಿ ಕುಸಿಯುತ್ತದೆ, ಹೃದಯದ ತೊಂದರೆ ಇದ್ದವರ ಜೀವವೇ ಹೋಗಬಹುದು. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಈ ಅಪಾಯ ಇರುತ್ತದೆ. ಗೊತ್ತಿದ್ದು ನುಂಗಿದವರು ಆ ಭಯಕ್ಕೇ ಬಾರ್ ಕಡೆ ಹೋಗುವುದಿಲ್ಲ. ಗೊತ್ತಿಲ್ಲದವರು ಎಂದಿನಂತೆ ಹೋಗಿ ಕುಡಿಯುತ್ತಾರೆ, ಅಲ್ವಾ?

ಕೂಡಿಹಾಕುವುದೂ ಬೇಡ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ಕೈ ನಡುಗುತ್ತದೆ, ಬೆವರು ಸುರಿಯುತ್ತದೆ, ನಿದ್ದೆ ಬರುವುದಿಲ್ಲ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಆಮೇಲೆ ಕೆಲವರಿಗೆ ಇಲ್ಲದ್ದೆಲ್ಲ ಕಾಣುತ್ತದೆ. ನಮ್ಮವರು ಆಸ್ಪತ್ರೆ ಮಂಚದ ಮೇಲೆ ಕೂತು ರಾತ್ರಿಯಿಡೀ ಹೊದಿಕೆ ಮೇಲಿನ ಇರುವೆ ಕೊಡವುತ್ತಿದ್ದರು, ಅಲ್ಲಿ ಒಂದು ಇರುವೆಯೂ ಇರಲಿಲ್ಲ. ಮನೆಯಲ್ಲಿ ಬೀಗ ಹಾಕಿದ್ದರೆ ಏನಾಗುತ್ತಿತ್ತೋ, ನೆನೆದರೆ ಈಗಲೂ ಭಯವಾಗುತ್ತದೆ. ಆಸ್ಪತ್ರೆಯಲ್ಲಿ ನಡುಕಕ್ಕೆ ಮಾತ್ರೆ ಕೊಟ್ಟು ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾರೆ, ವಿಟಮಿನ್ ಬಿ1 ಇಂಜೆಕ್ಷನ್ ಹಾಕುತ್ತಾರೆ. ಸುಮ್ನೆ ಗ್ಲೂಕೋಸ್ ಏರಿಸಿ ಕಳಿಸುವ ಕಡೆ ಕರೆದುಕೊಂಡು ಹೋಗಬೇಡಿ, ಮೈಯಲ್ಲಿ ಬಿ1 ಇಲ್ಲದಾಗ ಬರೀ ಗ್ಲೂಕೋಸ್ ಕೊಟ್ಟರೆ ಮಿದುಳಿಗೇ ಪೆಟ್ಟಾಗಬಹುದು.

ಆಸ್ಪತ್ರೆಗೆ ಬರಲು ಒಪ್ಪಿಸುವುದು ಹೇಗೆ ಅಂತ ಕೇಳಿದ್ದೀರಿ. ರಾತ್ರಿ ಮಾತಾಡಬೇಡಿ, ಅವರಿಗೆ ಬೆಳಗ್ಗೆ ನೆನಪೇ ಇರುವುದಿಲ್ಲ. ಬೆಳಗ್ಗೆ ಮಾತಾಡಿ, ಅವರಿಗೇ ಕಾಡುವ ವಿಷಯದಿಂದ ಶುರುಮಾಡಿ. ನಮ್ಮವರು ಹೊಟ್ಟೆನೋವು ತೋರಿಸೋಣ ಅಂತ ಬಂದವರು, ದಿನಾ ಎಷ್ಟು ಕುಡಿಯುತ್ತೀರಿ ಅಂತ ಡಾಕ್ಟರು ಬೈಯದೆ ಕೇಳಿದ್ದಕ್ಕೆ ತಾವೇ ಬಾಯಿಬಿಟ್ಟರು. ಅವರು ಒಪ್ಪುವ ಮೊದಲೇ ನೀವೊಬ್ಬರೇ 14416ಕ್ಕೆ ಫೋನ್ ಮಾಡಬಹುದು, ಅದು ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಕುಡಿತ, ಡ್ರಗ್ಸ್ ಬಿಡಿಸಲೆಂದೇ 14446 ಸಹಾಯವಾಣಿ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗ ಇದೆ, ದೂರವಾದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ನೋಡಿ.

ಡಿಸ್ಚಾರ್ಜ್ ಆದ ಮೇಲೆಯೇ ನಿಜವಾದ ಕಷ್ಟ. ನಮ್ಮವರು ನಡುವೆ ಮತ್ತೆ ಕುಡಿದರು, ಮತ್ತೆ ಹೋದೆವು, ಡಾಕ್ಟರು ಔಷಧಿ ಬದಲಿಸಿದರು. ಇದು ಬಿಪಿ, ಶುಗರ್ ಥರ ಕಾಯಿಲೆ, ಮರುಕಳಿಸಿತು ಅಂತ ಕೈಬಿಡಬೇಡಿ. ಮೊದಲು ಬೈಕ್ ಸದ್ದು ಕೇಳಿದರೆ ಪುಸ್ತಕ ಎತ್ತಿಕೊಂಡು ಒಳಗೆ ಓಡುತ್ತಿದ್ದ ಮಗಳು ಈಗ ಅಪ್ಪನ ಹತ್ತಿರವೇ ಲೆಕ್ಕ ಹೇಳಿಸಿಕೊಳ್ಳುತ್ತಾಳೆ. ನಿಮ್ಮ ಮನೆಗೂ ಇದು ಸಿಗಲಿ ಅಂತ ಮನಸಾರೆ ಹೇಳುತ್ತಿದ್ದೇನೆ.

ಹೊಡೆಯುತ್ತಾರಾ ಅಂತ ನೀವು ಬರೆದಿಲ್ಲ. ಹೊಡೆಯುತ್ತಿದ್ದರೆ ಅವರು ಕುಡಿತ ಬಿಡುವವರೆಗೆ ಕಾಯಬೇಡಿ, ಮಹಿಳಾ ಸಹಾಯವಾಣಿ 181 ಇದೆ, ತುರ್ತಾದರೆ 112.