ಮೈಬಣ್ಣ ನೋಡಿ ಹಚ್ಚೆಯ ಬಣ್ಣ ಆರಿಸಿಕೊಳ್ಳಿ

ಹಚ್ಚೆಯ ಬಣ್ಣಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಚರ್ಮವೈದ್ಯರ ಉತ್ತರ

ಪ್ರಶ್ನೆ: ನನ್ನದು ಎಣ್ಣೆಗಪ್ಪು ಮೈಬಣ್ಣ. ಮುಂಗೈ ಮೇಲೆ ತಿಳಿಗುಲಾಬಿ ಮತ್ತು ಹಳದಿ ಬಣ್ಣದ ತಾವರೆಯ ಹಚ್ಚೆ ಹಾಕಿಸಿಕೊಳ್ಳುವ ಆಸೆಯಿದೆ. ಮೊಬೈಲಿನಲ್ಲಿ ನೋಡಿದ ಚಿತ್ರಗಳಲ್ಲಿ ಅದು ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ನಮ್ಮಂಥ ಬಣ್ಣದವರಿಗೆ ಕಪ್ಪು ಬಿಟ್ಟರೆ ಬೇರೆ ಯಾವುದೂ ಹೊಂದುವುದಿಲ್ಲ ಎಂದು ಗೆಳತಿ ಹೇಳುತ್ತಾಳೆ. ಇದು ನಿಜವೇ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ನಿಮ್ಮ ಗೆಳತಿಯ ಮಾತು ಅರ್ಧ ಮಾತ್ರ ನಿಜ. ಹಚ್ಚೆಯ ಸೂಜಿ ಬಣ್ಣವನ್ನು ಬಿಡುವುದು ಚರ್ಮದ ಮೇಲ್ಮೈಯಲ್ಲಲ್ಲ, ಸುಮಾರು 1ರಿಂದ 2 ಮಿಲಿಮೀಟರ್ ಆಳದಲ್ಲಿರುವ ಒಳಚರ್ಮದಲ್ಲಿ. ಅದರ ಮೇಲಿನ ಹೊರಚರ್ಮದಲ್ಲಿ ಮೆಲನಿನ್ ಎಂಬ ಕಂದು ವರ್ಣದ್ರವ್ಯ ಇರುತ್ತದೆ. ಗಾಯ ಮಾಗಿದ ಮೇಲೆ ನಾವು ಹಚ್ಚೆಯನ್ನು ನೋಡುವುದು ಈ ಪದರದ ಮೂಲಕವೇ. ಕಂದು ಗಾಜಿನ ಹಿಂದೆ ಇಟ್ಟ ಹೂವಿನಂತೆ, ಹಳದಿ ಅಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ, ತಿಳಿಗುಲಾಬಿ ಇದ್ದೂ ಇಲ್ಲದಂತಾಗುತ್ತದೆ, ಬಿಳಿ ಕೆಲವೇ ತಿಂಗಳಲ್ಲಿ ಹಳೆಯ ಗಾಯದ ಕಲೆಯಂತೆ ಕಾಣತೊಡಗುತ್ತದೆ. ಕಡುಗೆಂಪು, ಕಡುನೀಲಿ, ಕಡುಹಸಿರು ಮತ್ತು ನೇರಳೆ ಮಾತ್ರ ಎಣ್ಣೆಗಪ್ಪು ಚರ್ಮದಲ್ಲಿಯೂ ಗಂಭೀರವಾಗಿ, ಸ್ಪಷ್ಟವಾಗಿ ನಿಲ್ಲುತ್ತವೆ.

ನೀವು ನೋಡಿದ ಚಿತ್ರಗಳಲ್ಲಿ ಹೆಚ್ಚಿನವು ಬೆಳ್ಳಗಿನ ಚರ್ಮದ ಮೇಲಿನವು. ಅದರಲ್ಲೂ ಸೂಜಿ ಎತ್ತಿದ ಕೂಡಲೇ, ಹೊರಚರ್ಮದಲ್ಲಿಯೂ ಬಣ್ಣ ತುಂಬಿರುವಾಗ ತೆಗೆದವು. ಆ ಹೊಳಪು ಎರಡು ಮೂರು ವಾರಗಳಲ್ಲಿ ಸಿಪ್ಪೆ ಸುಲಿದಂತೆ ಉದುರಿಹೋಗುತ್ತದೆ. ಆದ್ದರಿಂದ ಹಚ್ಚೆಗಾರರ ಬಳಿ ಹೋದಾಗ, ನಿಮ್ಮಂಥ ಮೈಬಣ್ಣದವರಿಗೆ ಅವರು ಹಾಕಿದ, ಕನಿಷ್ಠ ಒಂದು ವರ್ಷ ಹಳೆಯದಾದ ಬಣ್ಣದ ಹಚ್ಚೆಯ ಚಿತ್ರಗಳನ್ನು ಕೇಳಿ ನೋಡಿ. ತೋರಿಸಲು ಅವರಲ್ಲಿ ಒಂದೂ ಇಲ್ಲದಿದ್ದರೆ ಬೇರೆಯವರನ್ನು ಹುಡುಕುವುದು ಒಳ್ಳೆಯದು.

ನಿಮ್ಮ ತಾವರೆಯನ್ನು ಕೈಬಿಡಬೇಕಾಗಿಲ್ಲ. ಹೊರಗೆರೆ ಕಪ್ಪಿನಲ್ಲಿರಲಿ, ದಳಗಳ ಬುಡಕ್ಕೆ ಕಡುಗೆಂಪು ಅಥವಾ ಗಾಢ ಗುಲಾಬಿ ತುಂಬಿಸಿ, ತುದಿಯ ಕಡೆಗೆ ಬಣ್ಣವನ್ನು ತೆಳುವಾಗಿಸುತ್ತಾ ಹೋಗಿ, ಬೆಳಕು ಬೀಳಬೇಕಾದ ಜಾಗವನ್ನು ಖಾಲಿ ಬಿಡಲು ಹೇಳಿ. ಅಲ್ಲಿ ನಿಮ್ಮ ಚರ್ಮದ ಬಣ್ಣವೇ ಬೆಳಕಿನ ಕೆಲಸ ಮಾಡುತ್ತದೆ, ಮತ್ತು ಆ ಬಣ್ಣ ಎಂದಿಗೂ ಮಾಸುವುದಿಲ್ಲ. ದಳಗಳು ತೀರಾ ಚಿಕ್ಕದಾಗದಿರಲಿ. ವರ್ಷ ಕಳೆದಂತೆ ಪ್ರತಿ ಗೆರೆಯೂ ತುಸು ಅಗಲವಾಗುವುದರಿಂದ, ಒತ್ತೊತ್ತಾಗಿ ಎಳೆದ ಗೆರೆಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ.

ಇನ್ನೂ ಅನುಮಾನವಿದ್ದರೆ, ತೋಳಿನ ಒಳಭಾಗದಲ್ಲಿ ನೀವು ಮೆಚ್ಚಿದ ಪ್ರತಿ ಬಣ್ಣದ ಒಂದೊಂದು ಸಣ್ಣ ಚುಕ್ಕೆ ಹಾಕಿಸಿಕೊಂಡು ಆರು ವಾರ ಬಿಟ್ಟು ಹಗಲು ಬೆಳಕಿನಲ್ಲಿ ನೋಡಿ. ಯಾವ ಚುಕ್ಕೆ ಎರಡಡಿ ದೂರದಿಂದ ಗುರುತು ಸಿಗುವುದಿಲ್ಲವೋ ಆ ಬಣ್ಣವನ್ನು ಬಿಟ್ಟುಬಿಡಿ. ನಾನು ಕಂಡಂತೆ ಬಣ್ಣದ ಪಟ್ಟಿ ನೋಡಿ ಮಾಡಿದ ಆಯ್ಕೆಗಿಂತ ಇದು ಎಷ್ಟೋ ನಂಬಲರ್ಹ.

ಪ್ರಶ್ನೆ: ನಮ್ಮ ಅಜ್ಜಿಯ ಕೈಮೇಲೆ ಬಾಲ್ಯದಲ್ಲಿ ಕೊರವಂಜಿ ಹಾಕಿದ ಹಚ್ಚೆ ಇಂದಿಗೂ ಇದೆ, ಹಸಿರುನೀಲಿಯಾಗಿದೆ, ಆದರೆ ಅಳಿದಿಲ್ಲ. ಮೂರು ವರ್ಷದ ಹಿಂದೆ ನಾನು ಹೆಚ್ಚು ಹಣ ಕೊಟ್ಟು ಹಾಕಿಸಿಕೊಂಡ ಕೆಂಪು, ಕಿತ್ತಳೆ ಬಣ್ಣದ ಹಚ್ಚೆ ಆಗಲೇ ಮಂಕಾಗಿದೆ. ಯಾಕೆ ಹೀಗೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ನಿಮ್ಮ ಅಜ್ಜಿಯ ಹಚ್ಚೆಯ ಮೂಲ ದೀಪದ ಮಸಿ, ಅಂದರೆ ಇಂಗಾಲ. ಇಂದಿನ ಕಪ್ಪು ಶಾಯಿಯಲ್ಲಿ ಇರುವುದೂ ಬಹುಮಟ್ಟಿಗೆ ಅದೇ. ಬಿಸಿಲಿನ ನೇರಳಾತೀತ ಕಿರಣಗಳು ಇಂಗಾಲವನ್ನು ಒಡೆಯಲಾರವು. ಕಪ್ಪು ಅಷ್ಟು ಆಳದಲ್ಲಿದ್ದಾಗ ಚರ್ಮವು ಬೆಳಕನ್ನು ಚದುರಿಸುವ ರೀತಿಯಿಂದಾಗಿ ಅದು ನೀಲಿಹಸಿರಾಗಿ ಕಾಣುತ್ತದೆಯೇ ಹೊರತು ಬಣ್ಣ ಕೆಟ್ಟಿರುವುದಿಲ್ಲ. ಈಗಿನ ಕೆಂಪು, ಕಿತ್ತಳೆ, ಹಳದಿ ಶಾಯಿಗಳಲ್ಲಿ ಹೆಚ್ಚಿನವು ಅಜೋ ಗುಂಪಿನ ಸಾವಯವ ವರ್ಣದ್ರವ್ಯಗಳು. ಅವುಗಳ ಅಣುಬಂಧ ಬಿಸಿಲಿಗೆ ಒಡೆಯುತ್ತದೆ, ಒಡೆದಷ್ಟೂ ಬಣ್ಣ ಹೋಗುತ್ತದೆ. ನೀಲಿ ಮತ್ತು ಹಸಿರಿಗೆ ಬಳಸುವ, ತಾಮ್ರವಿರುವ ಥಾಲೋಸಯನಿನ್ ವರ್ಣದ್ರವ್ಯಗಳು ಇದಕ್ಕಿಂತ ಹೆಚ್ಚು ತಾಳಿಕೊಳ್ಳುತ್ತವೆ.

ದೇಹವೂ ಸುಮ್ಮನಿರುವುದಿಲ್ಲ. ಒಳಚರ್ಮದ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಶಾಯಿಯ ಕಣಗಳನ್ನು ನುಂಗಿ ಇಟ್ಟುಕೊಳ್ಳುತ್ತವೆ. ಒಂದು ಕೋಶ ಸತ್ತಾಗ ಹೊರಬಿದ್ದ ಕಣಗಳನ್ನು ಪಕ್ಕದಲ್ಲಿ ಹೊಸದಾಗಿ ಬಂದ ಕೋಶ ಮತ್ತೆ ನುಂಗುತ್ತದೆ ಎಂಬುದನ್ನು 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದರು. ಹಚ್ಚೆ ಉಳಿಯುವುದೂ ಇದರಿಂದಲೇ, ಗೆರೆ ನಿಧಾನವಾಗಿ ಹರಡುವುದೂ ಇದರಿಂದಲೇ ಎಂದು ತಿಳಿಯಲಾಗಿದೆ. ಅಜ್ಜಿಯ ಕೈಯನ್ನು ಹತ್ತಿರದಿಂದ ನೋಡಿ: ಚುಕ್ಕೆಗಳ ಅಂಚು ಎಷ್ಟು ಮೆತ್ತಗಾಗಿದೆ ಎಂಬುದು ಕಾಣುತ್ತದೆ.

ನಿಮ್ಮ ಹಚ್ಚೆ ದೇಹದ ಯಾವ ಭಾಗದಲ್ಲಿದೆ ಎಂದು ನೀವು ಬರೆದಿಲ್ಲ. ದಿನವೂ ದ್ವಿಚಕ್ರ ವಾಹನ ಓಡಿಸುವವರ ಮುಂಗೈಯಲ್ಲಿ ಕೈಗಡಿಯಾರದ ಪಟ್ಟಿಯ ಅಡಿಯ ಚರ್ಮ ತಿಳಿಯಾಗಿ, ಅದರಾಚೆಯ ಚರ್ಮ ಕಪ್ಪಾಗಿರುತ್ತದೆಯಲ್ಲವೇ? ಚರ್ಮವನ್ನು ಕಪ್ಪಾಗಿಸುವ ಆ ಬಿಸಿಲೇ ಕಿತ್ತಳೆಯನ್ನು ತಿನ್ನುತ್ತದೆ. ಬೆರಳು, ಅಂಗೈ ಅಂಚು, ಚಪ್ಪಲಿ ಉಜ್ಜುವ ಪಾದದ ಬದಿ, ಈ ಜಾಗಗಳಲ್ಲಿ ಯಾವ ಬಣ್ಣವೂ ಸರಿಯಾಗಿ ನಿಲ್ಲುವುದಿಲ್ಲ. ತೋಳಿನ ಒಳಮಗ್ಗುಲು, ಬೆನ್ನಿನ ಮೇಲ್ಭಾಗ ಮತ್ತು ತೊಡೆ ಬಣ್ಣದ ಹಚ್ಚೆಗೆ ಉತ್ತಮ.

ಪ್ರಶ್ನೆ: ಬರುವ ವಾರ ಬಣ್ಣದ ಹಚ್ಚೆ ಹಾಕಿಸಿಕೊಳ್ಳುತ್ತಿದ್ದೇನೆ. ಬಣ್ಣ ಉಳಿಯಬೇಕಾದರೆ ಮೊದಲ ದಿನದಿಂದಲೇ ಸನ್‌ಸ್ಕ್ರೀನ್ ಹಚ್ಚಬೇಕೇ? ಮನೆಯಲ್ಲಿ ಅರಿಸಿನ, ಕೊಬ್ಬರಿ ಎಣ್ಣೆ ಹಚ್ಚಲು ಹೇಳುತ್ತಾರೆ.
– ಓದುಗರೊಬ್ಬರು, ಮಂಗಳೂರು

ಉತ್ತರ: ಹೊಸ ಹಚ್ಚೆ ಎಂದರೆ ತೆರೆದ ಗಾಯ. ಅದು ಮಾಗುವ ತನಕ, ಅಂದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಸನ್‌ಸ್ಕ್ರೀನ್ ಹಚ್ಚಬಾರದು. ಸಡಿಲವಾದ ಹತ್ತಿ ಬಟ್ಟೆಯಿಂದ ಮುಚ್ಚಿ ಬಿಸಿಲಿನಿಂದ ದೂರವಿಡಬೇಕು. ದಿನಕ್ಕೆರಡು ಸಲ ಪರಿಮಳವಿಲ್ಲದ ಮೃದುವಾದ ಸಾಬೂನಿನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿ, ಹಚ್ಚೆಗಾರರು ಅಥವಾ ವೈದ್ಯರು ಹೇಳಿದ ಮುಲಾಮನ್ನು ತೀರಾ ತೆಳುವಾಗಿ ಹಚ್ಚಿ. ಅರಿಸಿನ ಬೇಡ, ಅಡುಗೆಮನೆಯ ಪುಡಿ ಗಾಯಕ್ಕೆ ಸುರಕ್ಷಿತವಲ್ಲ, ಅದರ ಹಳದಿಯಿಂದ ಗಾಯ ಕೆಂಪೇರಿದ್ದು ಗೊತ್ತಾಗುವುದೂ ಇಲ್ಲ. ಕೊಬ್ಬರಿ ಎಣ್ಣೆ ಮಾಗಿದ ಮೇಲೆ ಹಚ್ಚಬಹುದು. ಆಗ ಒಣಚರ್ಮದ ಮಂಕು ಹೋಗಿ ಬಣ್ಣ ಗಾಢವಾಗಿ ಕಾಣುತ್ತದೆ, ಆದರೆ ಹೋದ ಬಣ್ಣ ಯಾವ ಎಣ್ಣೆಯಿಂದಲೂ ಮರಳುವುದಿಲ್ಲ.

ಹಕ್ಕಳೆ ಕಟ್ಟಿದಾಗ ಎಷ್ಟೇ ತುರಿಸಿದರೂ ಕೀಳಬೇಡಿ, ಕಿತ್ತ ಕಡೆ ಬಣ್ಣದಲ್ಲಿ ತೇಪೆ ಬೀಳುತ್ತದೆ. ಗಾಯ ಆರುವವರೆಗೆ ಸಮುದ್ರಕ್ಕಾಗಲಿ ಈಜುಕೊಳಕ್ಕಾಗಲಿ ಇಳಿಯಬೇಡಿ. ಮಂಗಳೂರಿನಲ್ಲಿರುವ ನಿಮಗೆ ಇದನ್ನು ಒತ್ತಿ ಹೇಳಬೇಕು. ಮಾಗಿದ ಮೇಲೆ ಹೊರಗೆ ಹೋಗುವಾಗ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ, ಬಿಸಿಲಿನಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಮೋಡ ಕವಿದ ದಿನವೂ ಈ ಕ್ರಮ ತಪ್ಪದಿರಲಿ.

ಪ್ರಶ್ನೆ: ಹಚ್ಚೆ ಹಾಕಿಸಿಕೊಂಡು ಎಂಟು ತಿಂಗಳಾದ ಮೇಲೆ ಕೆಂಪು ಇರುವ ಕಡೆ ಮಾತ್ರ ಚರ್ಮ ಉಬ್ಬಿ ತುರಿಸುತ್ತಿದೆ. ಶಾಯಿ ಕಳಪೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಎಲ್ಲ ಬಣ್ಣಗಳ ಪೈಕಿ ಅಲರ್ಜಿ ತರುವುದರಲ್ಲಿ ಕೆಂಪೇ ಮುಂದು, ಮತ್ತು ಅದು ತಿಂಗಳುಗಳ, ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು. ಒಳ್ಳೆಯ ಶಾಯಿಯಿಂದಲೂ ಹೀಗಾಗುತ್ತದೆ. ತಡಮಾಡದೆ ಚರ್ಮವೈದ್ಯರನ್ನು ಕಾಣಿ. ಅಲ್ಲಿಯವರೆಗೆ ಅದರ ಮೇಲೆ ಮತ್ತೆ ಬಣ್ಣ ತುಂಬಿಸಬೇಡಿ, ಲೇಸರ್ ಕೂಡ ಮಾಡಿಸಬೇಡಿ. ಯುರೋಪ್ ಒಕ್ಕೂಟ 2022ರ ಜನವರಿಯಿಂದ ಹಚ್ಚೆ ಶಾಯಿಗಳಲ್ಲಿ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿದೆ. ಆದ್ದರಿಂದ ಹಚ್ಚೆಗಾರರು ಬಳಸುವ ಶಾಯಿ ಆ ನಿಯಮಕ್ಕೆ ಒಳಪಟ್ಟದ್ದೇ ಎಂದು ಬಾಟಲಿಯ ಚೀಟಿ ಓದಿ ಕೇಳುವುದು ಗ್ರಾಹಕರಾದ ನಮ್ಮ ಹಕ್ಕು. ಘಟಕಗಳ ಹೆಸರು, ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ ಇಲ್ಲದ ಬಾಟಲಿಯನ್ನು ಒಪ್ಪಲೇಬಾರದು.

ಪ್ರಶ್ನೆ: ಮಾಸಿದ ಹಚ್ಚೆಗೆ ಮತ್ತೆ ಬಣ್ಣ ತುಂಬಿಸಬೇಕೇ, ತೆಗೆಸಬೇಕೇ?
– ಓದುಗರೊಬ್ಬರು, ತುಮಕೂರು

ಉತ್ತರ: ಗೆರೆ ಗಟ್ಟಿಯಾಗಿದ್ದು ಬಣ್ಣ ಮಾತ್ರ ತೆಳುವಾಗಿದ್ದರೆ ಮತ್ತೆ ತುಂಬಿಸಬಹುದು, ಆದರೆ ತಿಳಿ ಬಣ್ಣದ ಬದಲು ಅದಕ್ಕಿಂತ ಗಾಢವಾದುದನ್ನೇ ಆರಿಸಿಕೊಳ್ಳಿ. ಗಾಯದ ಗುರುತು ಉಬ್ಬಿ ಬೆಳೆಯುವ ಕೀಲಾಯ್ಡ್ ಸ್ವಭಾವ ನಿಮಗಿದ್ದರೆ ಎರಡನೆಯ ಸಲ ಸೂಜಿಗೆ ಕೈಯೊಡ್ಡಬೇಡಿ. ತೆಗೆಸುವುದಾದರೆ, ಲೇಸರಿಗೆ ಸುಲಭವಾಗಿ ಬಗ್ಗುವುದು ಕಪ್ಪು. ಹಳದಿ ಮತ್ತು ಹಸಿರು ಹಟಮಾರಿ. ಬಿಳಿ ಹಾಗೂ ಚರ್ಮದ ಬಣ್ಣದ ಶಾಯಿಗಳು ಲೇಸರ್ ತಗುಲಿದ ಕೂಡಲೇ ಕಪ್ಪಾಗಿಬಿಡಬಹುದು. ಆದ್ದರಿಂದ ನಿಮ್ಮ ಹಚ್ಚೆಯಲ್ಲಿ ಬಿಳಿ ಬೆರೆಸಿದ ಬಣ್ಣವೇನಾದರೂ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ, ಒಂದು ಮೂಲೆಯಲ್ಲಿ ಪರೀಕ್ಷಿಸಿ ನೋಡಿದ ನಂತರವೇ ಮುಂದುವರಿಯಲು ಕೇಳಿಕೊಳ್ಳಿ.