ಏರ್ ಕಂಪ್ರೆಸರ್: ಟ್ಯಾಂಕಿಗೆ ನೀರು ಎಲ್ಲಿಂದ ಬರುತ್ತದೆ?

ಚಕ್ರದ ಮೇಲೆ ಎಳೆದೊಯ್ಯುವ ಸಣ್ಣ ಏರ್ ಕಂಪ್ರೆಸರ್‌ಗಳ ಬಗ್ಗೆ ಓದುಗರು ಕೇಳಿದ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. 1ರಿಂದ 3 ಎಚ್‌ಪಿ ಮೋಟರಿನ, ಪಿಸ್ಟನ್ ಪಂಪಿನ ಯಂತ್ರಗಳನ್ನು ಗಮನದಲ್ಲಿಟ್ಟು ಬರೆದದ್ದು ಇದು. ನಿಮ್ಮ ಯಂತ್ರದ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ.

ಪ್ರಶ್ನೆ: ನಮ್ಮದು 50 ಲೀಟರ್ ಟ್ಯಾಂಕಿನ ಕಂಪ್ರೆಸರ್. ದಿನಾ ಟ್ಯಾಂಕಿನ ನೀರು ಬಿಡಬೇಕು ಎನ್ನುತ್ತಾರೆ ಮೆಕ್ಯಾನಿಕ್. ಒಳಗೆ ತುಂಬುವುದು ಬರೀ ಗಾಳಿ, ನೀರು ಎಲ್ಲಿಂದ ಬಂತು? ತಿಂಗಳಿಗೊಮ್ಮೆ ಬಿಟ್ಟರೆ ಸಾಲದೇ?

ಉತ್ತರ: ಸಾಲದು. ಗಾಳಿಯ ಜೊತೆಗೇ ನೀರಿನ ಆವಿಯೂ ಒಳಗೆ ಹೋಗುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 30 ಗ್ರಾಂ ಆವಿ ಇರಬಲ್ಲದು. ಮೀಟರಿನ ಮುಳ್ಳು ತೋರಿಸುವುದು ಹೊರಗಾಳಿಗಿಂತ ಎಷ್ಟು ಹೆಚ್ಚು ಒತ್ತಡವಿದೆ ಎಂಬುದನ್ನು. ಅದು 8 ಬಾರ್ (ಸುಮಾರು 116 ಪಿಎಸ್‌ಐ) ತೋರಿಸುವಾಗ ಒಂಬತ್ತು ಘನಮೀಟರ್ ಹೊರಗಾಳಿ ಒಂದು ಘನಮೀಟರ್ ಜಾಗದಲ್ಲಿ ಅಡಕವಾಗಿರುತ್ತದೆ. ಆ ಜಾಗಕ್ಕೆ ಹಿಡಿಸುವ ಆವಿ ಮಾತ್ರ ಆಗಲೂ ಅದೇ 30 ಗ್ರಾಂ. ಹೆಚ್ಚಾದದ್ದೆಲ್ಲ ಗಾಳಿ ತಣ್ಣಗಾದ ಹಾಗೆ ನೀರಾಗಿ ತಳಕ್ಕಿಳಿಯುತ್ತದೆ. ತೇವವಿರುವ ದಿನ, ನಿಮಿಷಕ್ಕೆ 100 ಲೀಟರ್ ಗಾಳಿ ಕೊಡುವ ಪಂಪು ಒಟ್ಟು ಒಂದು ಗಂಟೆ ಓಡಿದರೆ ನೂರು ಮಿಲಿಲೀಟರಿಗೂ ಮಿಕ್ಕಿ ನೀರು ಬೇರ್ಪಡುತ್ತದೆ. ಅದರಲ್ಲಿ ಒಂದಷ್ಟು ಬಿಸಿಗಾಳಿಯೊಡನೆ ಹೋಸ್‌ಗೆ ಹೋಗುತ್ತದೆ, ಉಳಿದದ್ದು ಟ್ಯಾಂಕಿನಲ್ಲೇ ನಿಲ್ಲುತ್ತದೆ.

ಸಣ್ಣ ಟ್ಯಾಂಕುಗಳ ತಗಡು ಕೆಲವೇ ಮಿಲಿಮೀಟರ್ ದಪ್ಪ. ಹೊರಗೆ ಬಣ್ಣವಿದ್ದರೂ ಒಳಗೆ ಹೆಚ್ಚಾಗಿ ಏನೂ ಇರುವುದಿಲ್ಲ. ತಳದಲ್ಲಿ ನಿಂತ ನೀರು ಅಲ್ಲೇ ಗುಳಿಗುಳಿಯಾಗಿ ಲೋಹವನ್ನು ತಿನ್ನುತ್ತದೆ, ಹೊರಗಿನಿಂದ ಅದು ಕಾಣುವುದಿಲ್ಲ. ಹಾಗಾಗಿ ಕಂಪ್ರೆಸರಿನ ಆರೈಕೆಯಲ್ಲಿ ನೀರು ಬಿಡುವುದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ ಎಂದೇ ನಮ್ಮ ಖಚಿತ ಅಭಿಪ್ರಾಯ.

ಕ್ರಮ ಹೀಗೆ. ಪ್ರೆಶರ್ ಸ್ವಿಚ್ (ಟ್ಯಾಂಕಿನ ಒತ್ತಡಕ್ಕೆ ತಕ್ಕಂತೆ ಮೋಟರನ್ನು ಓಡಿಸುವ, ನಿಲ್ಲಿಸುವ ಸ್ವಿಚ್) ಆಫ್ ಮಾಡಿ, ಆಮೇಲೆ ಪ್ಲಗ್ ಕೀಳಿ. ಒತ್ತಡವನ್ನು 1–2 ಬಾರ್‌ಗೆ ಇಳಿಸಿ. ಕನ್ನಡಕ ಹಾಕಿಕೊಂಡು, ತಳದ ಡ್ರೈನ್ ಕಾಕನ್ನು ನಿಧಾನವಾಗಿ ತೆರೆಯಿರಿ. ಉಳಿದಿರುವ ಅಷ್ಟು ಗಾಳಿ ನೀರನ್ನು ಹೊರಗೆ ತಳ್ಳುತ್ತದೆ. ಪೂರ್ತಿ 8 ಬಾರ್ ಇರುವಾಗ ತೆರೆದರೆ ತುಕ್ಕಿನ ಚೂರುಗಳು ಕಣ್ಣಿಗೆ ಸಿಡಿಯಬಹುದು. ಟ್ಯಾಂಕನ್ನು ಡ್ರೈನ್ ಇರುವ ಕಡೆಗೆ ತುಸು ವಾಲಿಸಿ ಕೊನೆಯ ಹನಿಯನ್ನೂ ಇಳಿಸಿ. ಮರುದಿನ ಯಂತ್ರ ಹಾಕುವವರೆಗೆ ಕಾಕನ್ನು ತೆರೆದೇ ಬಿಡಿ, ಒಳಗೆ ಗಾಳಿಯಾಡಲಿ. ಈ ನೀರಿನಲ್ಲಿ ಎಣ್ಣೆ ಬೆರೆತಿರುತ್ತದೆ, ಆದ್ದರಿಂದ ಡಬ್ಬಿಯಲ್ಲಿ ಹಿಡಿಯಿರಿ, ಮಣ್ಣಿಗೆ ಬಿಡಬೇಡಿ. ಎಷ್ಟೋ ದಿನ ಓಡಿಸಿದ ಮೇಲೂ ಒಂದು ಹನಿ ಬರಲಿಲ್ಲವೆಂದರೆ ನೀರಿಲ್ಲ ಎಂದು ತಿಳಿಯಬೇಡಿ. ಡ್ರೈನ್ ತುಕ್ಕಿನಿಂದ ಕಟ್ಟಿಕೊಂಡಿರಬಹುದು. ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಮುಳ್ಳು ಸೊನ್ನೆಗೆ ಬಂದ ಮೇಲೆ ಕಾಕನ್ನು ಬಿಚ್ಚಿ ಸ್ವಚ್ಛಗೊಳಿಸಿ.

ಪ್ರಶ್ನೆ: ಟ್ಯಾಂಕಿನ ಅಡಿಯಲ್ಲಿ ಸೂಜಿಮೊನೆಯಷ್ಟು ತೂತಾಗಿ ಗಾಳಿ ಸೋರುತ್ತಿದೆ. ವೆಲ್ಡಿಂಗ್ ಮಾಡಿಸಿದರೆ ಆಗುತ್ತದೆಯೇ?

ಉತ್ತರ: ದಯವಿಟ್ಟು ಬೇಡ. ಎಂ-ಸೀಲ್ ಮೆತ್ತುವುದೂ ಬೇಡ. ಯಂತ್ರವನ್ನು ಈಗಲೇ ನಿಲ್ಲಿಸಿ. ಕಾಣುತ್ತಿರುವ ತೂತು ಒಂದೇ ಆದರೂ ಅದರ ಸುತ್ತಲಿನ ಲೋಹವೂ ಅಷ್ಟೇ ಸವೆದು ಕಾಗದದ ಹಾಗಾಗಿರುತ್ತದೆ. ವೆಲ್ಡಿಂಗಿನ ಕಾವು ಆ ತೆಳು ಜಾಗವನ್ನು ಇನ್ನಷ್ಟು ದುರ್ಬಲಗೊಳಿಸುತ್ತದೆ. ಮುಂದಿನ ಸಲ ಅದು ಸೋರುವುದಿಲ್ಲ, ಸೀಳುತ್ತದೆ.

50 ಲೀಟರ್ ಟ್ಯಾಂಕಿನಲ್ಲಿ 8 ಬಾರ್ ಒತ್ತಡದಲ್ಲಿರುವ ಗಾಳಿ ಒಮ್ಮೆಲೇ ಹಿಗ್ಗಿದರೆ ಹೊರಬೀಳುವ ಶಕ್ತಿ ಸುಮಾರು 50 ಕಿಲೋಜೂಲ್. ಒಂದು ಟನ್ ತೂಕದ ಕಾರು ಗಂಟೆಗೆ 36 ಕಿ.ಮೀ. ವೇಗದಲ್ಲಿ ಬಂದು ಗುದ್ದಿದ ಹಾಗೆ. ತಯಾರಕರು ಟ್ಯಾಂಕುಗಳನ್ನು ಪರೀಕ್ಷಿಸುವಾಗ ಗಾಳಿಯ ಬದಲು ನೀರು ತುಂಬಿ ಒತ್ತಡ ಏರಿಸುವುದೂ ಇದೇ ಕಾರಣಕ್ಕೆ. ನೀರು ಕುಗ್ಗುವುದು ಅತ್ಯಲ್ಪ, ಹಾಗಾಗಿ ಟ್ಯಾಂಕ್ ಒಡೆದರೂ ಸಿಡಿಯುವುದಿಲ್ಲ.

ಪಂಪು, ಮೋಟರು, ಪ್ರೆಶರ್ ಸ್ವಿಚ್ ಚೆನ್ನಾಗಿದ್ದರೆ ಹೊಸ ಟ್ಯಾಂಕಿನ ಮೇಲೆ ಕೂರಿಸಿಕೊಳ್ಳಬಹುದು. ಹೊಸ ಟ್ಯಾಂಕಿನ ಪಟ್ಟಿಯಲ್ಲಿ ನಮೂದಾದ ಗರಿಷ್ಠ ಒತ್ತಡ ನಿಮ್ಮ ಕಟ್-ಆಫ್ (ಮೋಟರ್ ತಾನಾಗಿ ನಿಲ್ಲುವ ಒತ್ತಡ) ಮತ್ತು ಸೇಫ್ಟಿ ವಾಲ್ವ್ (ಒತ್ತಡ ಮಿತಿಮೀರಿದರೆ ಗಾಳಿ ಹೊರಬಿಡುವ ವಾಲ್ವ್) ತೆರೆಯುವ ಒತ್ತಡಕ್ಕಿಂತ ಕಡಿಮೆ ಇರಬಾರದು. ಹಳೆಯ ಟ್ಯಾಂಕನ್ನು ಗುಜರಿಗೆ ಹಾಕುವ ಮುನ್ನ ಅದರಲ್ಲಿ ದೊಡ್ಡದೊಂದು ತೂತು ಕೊರೆದುಬಿಡಿ. ಇನ್ಯಾರೋ ಅದಕ್ಕೆ ತೇಪೆ ಹಾಕಿ ಬಳಸುವುದು ತಪ್ಪುತ್ತದೆ.

ಪ್ರಶ್ನೆ: ಟ್ಯಾಂಕ್ ತುಂಬಿ ಮೋಟರ್ ನಿಂತ ಮೇಲೂ ಪ್ರೆಶರ್ ಸ್ವಿಚ್ ಹತ್ತಿರ ‘ಸುಯ್’ ಎಂದು ಗಾಳಿ ಹೋಗುತ್ತಲೇ ಇರುತ್ತದೆ. ಮತ್ತೆ ಚಾಲೂ ಆಗುವಾಗ ಮೋಟರ್ ತಿರುಗದೆ ಗುಂಯ್‌ಗುಡುತ್ತದೆ. ಮೋಟರ್ ಹೋಯಿತೇ?

ಉತ್ತರ: ಹೆಚ್ಚಾಗಿ ಮೋಟರ್ ಹೋಗಿರುವುದಿಲ್ಲ. ನೀವು ಹೇಳಿದ ಎರಡೂ ಲಕ್ಷಣಗಳಿಗೆ ಸಾಮಾನ್ಯವಾಗಿ ಮೂಲ ಒಂದೇ: ಪಂಪಿನಿಂದ ಬರುವ ಪೈಪು ಟ್ಯಾಂಕಿಗೆ ಸೇರುವಲ್ಲಿರುವ, ಗಾಳಿಯನ್ನು ಒಳಗೆ ಬಿಟ್ಟು ಹಿಂದಕ್ಕೆ ಬಿಡದ ನಾನ್-ರಿಟರ್ನ್ ವಾಲ್ವ್.

ಮೋಟರ್ ನಿಂತ ಕೂಡಲೇ ಎರಡು ಮೂರು ಸೆಕೆಂಡು ಗಾಳಿ ಹೋಗಲೇಬೇಕು. ಪಂಪಿನ ಹೆಡ್ಡಿನಲ್ಲಿ ಸಿಕ್ಕಿಕೊಂಡ ಒತ್ತಡವನ್ನು ಪ್ರೆಶರ್ ಸ್ವಿಚ್ಚಿನ ಬಳಿಯ ಅನ್‌ಲೋಡರ್ ಎಂಬ ಸಣ್ಣ ವಾಲ್ವ್ ಹೊರಬಿಡುವ ಸದ್ದು ಅದು. ಹಾಗೆ ಬಿಟ್ಟರೆ ಮಾತ್ರ ಮುಂದಿನ ಸಲ ಮೋಟರ್ ಹಗುರವಾಗಿ ತಿರುಗಲು ಶುರುಮಾಡುತ್ತದೆ. ನಾನ್-ರಿಟರ್ನ್ ವಾಲ್ವಿನ ಬಿಲ್ಲೆಗೆ ಕಸ ಸಿಕ್ಕಿಯೋ ರಬ್ಬರ್ ಸವೆದೋ ಅದು ಸರಿಯಾಗಿ ಮುಚ್ಚದಿದ್ದರೆ, ಟ್ಯಾಂಕಿನ ಗಾಳಿ ಹಿಂದಕ್ಕೆ ಬಂದು ಸಣ್ಣ ಟ್ಯೂಬಿನ ಮೂಲಕ ಅನ್‌ಲೋಡರಿನಿಂದ ಸೋರುತ್ತಲೇ ಇರುತ್ತದೆ. ಹೆಡ್ಡಿನ ಒತ್ತಡ ಇಳಿಯುವುದೇ ಇಲ್ಲ. ಪಿಸ್ಟನ್ ಆ ಒತ್ತಡದ ಎದುರು ಏಳಲಾರದೆ ಮೋಟರ್ ಗುಂಯ್‌ಗುಡುತ್ತದೆ. ಆಗ ಅದು ಎಳೆಯುವ ಕರೆಂಟು ಮಾಮೂಲಿಗಿಂತ ಐದಾರು ಪಟ್ಟು. ಓವರ್‌ಲೋಡ್ ಬಟನ್ ಒತ್ತಿ ಒತ್ತಿ ಮತ್ತೆ ಪ್ರಯತ್ನಿಸುವುದರಿಂದಲೇ ವೈಂಡಿಂಗ್ ಸುಡುತ್ತದೆ.

ರಿಪೇರಿ ಕಷ್ಟವಲ್ಲ. ಪ್ಲಗ್ ಕೀಳಿ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಪೈಪು ತಣ್ಣಗಾಗುವವರೆಗೆ ಕಾಯಿರಿ. ಓಡುತ್ತಿದ್ದ ಯಂತ್ರದ ಡೆಲಿವರಿ ಪೈಪು ಮುಟ್ಟಿದರೆ ಬೊಬ್ಬೆ ಏಳುವಷ್ಟು ಕಾದಿರುತ್ತದೆ. ವಾಲ್ವಿನ ಮುಚ್ಚಳ ಬಿಚ್ಚಿ, ಬಿಲ್ಲೆ ಮತ್ತು ಸ್ಪ್ರಿಂಗ್ ತೆಗೆದು, ಅದು ಕೂರುವ ಜಾಗವನ್ನು ಬಟ್ಟೆಯಿಂದ ಒರೆಸಿ. ಬಿಲ್ಲೆಯ ಮೇಲೆ ಗೀರು ಬಿದ್ದಿದ್ದರೆ ಹೊಸದು ಹಾಕಿ. ಗಾಳಿ ಸೋರುವುದು ಮೋಟರ್ ಓಡುತ್ತಿರುವಾಗ ಮಾತ್ರ ಎಂದಾದರೆ ದೋಷ ಅನ್‌ಲೋಡರಿನಲ್ಲಿದೆ. ಸೋರಿಕೆಯೇ ಇಲ್ಲದೆ ಮೋಟರ್ ಗುಂಯ್‌ಗುಟ್ಟಿದರೆ ಕೆಪ್ಯಾಸಿಟರ್, ಕಡಿಮೆ ವೋಲ್ಟೇಜ್, ಚಳಿಗೆ ಗಟ್ಟಿಯಾದ ಎಣ್ಣೆ, ಇವುಗಳ ಕಡೆ ನೋಡಿ.

ಇನ್ನೊಂದು ಮಾತು. ಯಂತ್ರವನ್ನು ಪ್ಲಗ್ ಕಿತ್ತು ನಿಲ್ಲಿಸುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಪ್ರೆಶರ್ ಸ್ವಿಚ್ಚಿನ ಗುಂಡಿಯಿಂದ ಆಫ್ ಮಾಡಿದಾಗ ಮಾತ್ರ ಅನ್‌ಲೋಡರ್ ತೆರೆಯುತ್ತದೆ.

ಪ್ರಶ್ನೆ: ಪಂಪಿಗೆ ಬೈಕಿನ ಎಂಜಿನ್ ಆಯಿಲ್ ಹಾಕಬಹುದೇ? ಎಷ್ಟು ದಿನಕ್ಕೆ ಬದಲಿಸಬೇಕು?

ಉತ್ತರ: ಹಾಕಬೇಡಿ. ಎಂಜಿನ್ ಆಯಿಲ್‌ನಲ್ಲಿರುವ ಡಿಟರ್ಜೆಂಟ್ ಅಂಶ ಕೊಳೆಯನ್ನೂ ನೀರನ್ನೂ ಎಣ್ಣೆಯಲ್ಲೇ ತೇಲಿಸಿಡುತ್ತದೆ. ಎಂಜಿನ್‌ನಲ್ಲಿ ಅದನ್ನು ಸೋಸಲು ಫಿಲ್ಟರ್ ಇರುತ್ತದೆ, ಇಂಥ ಸಣ್ಣ ಪಂಪಿನಲ್ಲಿ ಇರುವುದಿಲ್ಲ. ಬಿಸಿ ವಾಲ್ವಿನ ಮೇಲೆ ಅದು ಕಾರ್ಬನ್ ಆಗಿಯೂ ಕೂರುತ್ತದೆ. ಐಎಸ್‌ಒ ವಿಜಿ 100 (ಇದು ಎಣ್ಣೆಯ ಮಂದತೆಯ ಅಳತೆ) ದರ್ಜೆಯ ಕಂಪ್ರೆಸರ್ ಆಯಿಲ್ ಹೆಚ್ಚಿನ ಯಂತ್ರಗಳಿಗೆ ಹೊಂದುತ್ತದೆ. ಯಂತ್ರ ಸಮತಟ್ಟಾದ ನೆಲದಲ್ಲಿ ನಿಂತಿರುವಾಗ ಎಣ್ಣೆಯ ಮಟ್ಟ ಪಂಪಿನ ಗಾಜಿನ ಕಿಂಡಿಯಲ್ಲಿರುವ ಕೆಂಪು ಚುಕ್ಕೆಯ ನಡುವಿಗೆ ಬರಬೇಕು. ಹೊಸ ಪಂಪಿನಲ್ಲಿ ಮೊದಲ ಬದಲಾವಣೆ 50 ಗಂಟೆ ಓಡಿದ ಮೇಲೆ, ಆಮೇಲೆ 300 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ, ಯಾವುದು ಮೊದಲೋ ಅದು. ಪಂಪು ಬೆಚ್ಚಗಿರುವಾಗ ಇಳಿಸಿದರೆ ಕೊಳೆಯೂ ಜೊತೆಗೆ ಬರುತ್ತದೆ.

ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದರೆ ಅದರಲ್ಲಿ ನೀರು ಸೇರಿದೆ. ದಿನಕ್ಕೆ ನಾಲ್ಕೈದು ನಿಮಿಷ ಮಾತ್ರ ಓಡುವ ಯಂತ್ರಗಳಲ್ಲಿ ಇದು ಸಾಮಾನ್ಯ, ಪಂಪು ಬಿಸಿಯಾಗುವುದೇ ಇಲ್ಲವಲ್ಲ. ಎಣ್ಣೆ ಬದಲಿಸಿ. ಹೋಸ್‌ನಿಂದ ಎಣ್ಣೆ ಹನಿ ಬರುತ್ತಿದ್ದರೆ ಮೊದಲು ಏರ್ ಫಿಲ್ಟರ್ ನೋಡಿ. ಫಿಲ್ಟರ್ ಕಟ್ಟಿಕೊಂಡಾಗ ಪಿಸ್ಟನ್ ಕೆಳಗಿನಿಂದ ಎಣ್ಣೆಯನ್ನು ಮೇಲೆಳೆದುಕೊಳ್ಳುತ್ತದೆ. ಮಟ್ಟ ಚುಕ್ಕೆಗಿಂತ ಮೇಲಿದೆಯೇ, ಬ್ರೀದರ್ ತೂತು (ಎಣ್ಣೆಯಿರುವ ಭಾಗದ ಗಾಳಿ ಆಡುವ ಕಿಂಡಿ) ಮುಚ್ಚಿದೆಯೇ ಎಂದು ಆಮೇಲೆ ನೋಡಿ. ಪಿಸ್ಟನ್ ರಿಂಗ್ ಸವೆದಿದೆ ಎಂಬ ತೀರ್ಮಾನ ಕೊನೆಗೆ. ‘ಆಯಿಲ್ ಫ್ರೀ’ ಎಂದು ಬರೆದಿರುವ ಯಂತ್ರಕ್ಕೆ ಮಾತ್ರ ಯಾವ ಎಣ್ಣೆಯನ್ನೂ ಹಾಕಬಾರದು.

ಪ್ರಶ್ನೆ: ಯಂತ್ರದಿಂದ ದೂರ ಕೆಲಸ ಮಾಡಬೇಕು. ಉದ್ದದ ಎಕ್ಸ್‌ಟೆನ್ಷನ್ ವೈರ್ ಸಾಕಲ್ಲವೇ?

ಉತ್ತರ: ವೈರ್ ಗಿಡ್ಡವಿರಲಿ, ಗಾಳಿಯ ಹೋಸ್ ಉದ್ದವಿರಲಿ. ತೆಳು ವೈರಿನಲ್ಲಿ ವೋಲ್ಟೇಜ್ ಕುಸಿದರೆ ಮೋಟರ್ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ 2 ಎಚ್‌ಪಿ ಮೋಟರಿಗೆ 2.5 ಚದರ ಮಿ.ಮೀ. ತಾಮ್ರದ, ಅರ್ಥಿಂಗ್ ಸಹಿತ ಮೂರು ಎಳೆಯ ಕೇಬಲ್ ಬಳಸಿ, ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಕಿ.

ಪ್ರಶ್ನೆ: ಗೋಡೆಗುಂಟ ಪಿವಿಸಿ ಪೈಪು ಹಾಕಿಸಿ ಗಾಳಿ ಒಯ್ಯಬಹುದೇ? ಪೈಪಿನ ಮೇಲೆ ‘10 ಕೆ.ಜಿ.’ ಎಂದಿದೆ.

ಉತ್ತರ: ಆ 10 ಕೆ.ಜಿ. (ಚದರ ಸೆಂ.ಮೀ.ಗೆ) ಒತ್ತಡ ನೀರಿಗೆ ಹೇಳಿದ್ದು. ಗಾಳಿ ತುಂಬಿದ ಪಿವಿಸಿ ಒಡೆದರೆ ಚೂರಿಯಂಥ ತುಂಡುಗಳಾಗಿ ಸಿಡಿಯುತ್ತದೆ. ಉಕ್ಕು, ತಾಮ್ರ ಅಥವಾ ಸಂಕುಚಿತ ಗಾಳಿಗೆಂದೇ ಮಾಡಿದ ಪೈಪನ್ನಷ್ಟೇ ಹಾಕಿಸಿ.

ಪ್ರಶ್ನೆ: ಸೇಫ್ಟಿ ವಾಲ್ವ್ ಆಗಾಗ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಅಲ್ಲಿಗೊಂದು ಬೋಲ್ಟ್ ಹಾಕಿ ಮುಚ್ಚಲು ಸಲಹೆ ಕೊಟ್ಟಿದ್ದಾರೆ.

ಉತ್ತರ: ಸಲಹೆ ಕೊಟ್ಟವರ ಮಾತು ಕೇಳಬೇಡಿ. ಪ್ರೆಶರ್ ಸ್ವಿಚ್ ಕೈಕೊಟ್ಟ ದಿನ ಟ್ಯಾಂಕನ್ನೂ ಹತ್ತಿರ ನಿಂತವರನ್ನೂ ಉಳಿಸುವುದು ಅದೊಂದೇ. ವಾಲ್ವ್ ಬಿಟ್ಟುಕೊಂಡ ಕ್ಷಣ ಮುಳ್ಳು ಎಲ್ಲಿತ್ತು ನೋಡಿ. 8 ಬಾರ್‌ಗೆ ನಿಲ್ಲಬೇಕಾದ ಮೋಟರ್ 9 ದಾಟಿಯೂ ಓಡುತ್ತಿದ್ದರೆ ವಾಲ್ವ್ ತನ್ನ ಕೆಲಸ ಮಾಡಿದೆ, ಕೆಟ್ಟಿರುವುದು ಪ್ರೆಶರ್ ಸ್ವಿಚ್. ಮುಳ್ಳು 8ರ ಒಳಗೇ ಇದ್ದರೆ ಮೀಟರ್ ಸುಳ್ಳು ಹೇಳುತ್ತಿದೆ ಅಥವಾ ವಾಲ್ವ್ ಸವೆದಿದೆ. ಇನ್ನೊಂದು ಮೀಟರ್ ಹಾಕಿ ಹೋಲಿಸಿ. ವಾಲ್ವ್ ಬದಲಿಸುವಾಗ ಅದೇ ಒತ್ತಡಕ್ಕೆ ತೆರೆಯುವ, ಅಷ್ಟೇ ಗಾಳಿ ಹೊರಹಾಕಬಲ್ಲ ವಾಲ್ವನ್ನೇ ತನ್ನಿ. ತಿಂಗಳಿಗೊಮ್ಮೆ, ಟ್ಯಾಂಕಿನಲ್ಲಿ ಗಾಳಿ ಇರುವಾಗ, ಮುಖ ಪಕ್ಕಕ್ಕೆ ತಿರುಗಿಸಿ ಅದರ ರಿಂಗ್ ಎಳೆದುಬಿಡಿ. ಗಾಳಿ ಜೋರಾಗಿ ಹೋಗಿ, ಬಿಟ್ಟ ತಕ್ಷಣ ಪೂರ್ತಿ ನಿಲ್ಲಬೇಕು.

ಪ್ರಶ್ನೆ: ಸ್ಪ್ರೇ ಪೇಂಟಿಂಗ್ ಮಾಡುವಾಗ ಎರಡು ನಿಮಿಷಕ್ಕೆ ಗನ್ ಬಲ ಕಳೆದುಕೊಳ್ಳುತ್ತದೆ, ಮೋಟರ್ ನಿಲ್ಲುವುದೇ ಇಲ್ಲ. ದೊಡ್ಡ ಟ್ಯಾಂಕ್ ಹಾಕಿಸಲೇ?

ಉತ್ತರ: ಟ್ಯಾಂಕ್ ಗಾಳಿ ಹುಟ್ಟಿಸುವುದಿಲ್ಲ, ಕೂಡಿಡುತ್ತದೆ ಅಷ್ಟೇ. ಲೆಕ್ಕ ನೋಡಿ. ಗನ್ನಿಗೆ ನಿಮಿಷಕ್ಕೆ 250 ಲೀಟರ್ (ಸುಮಾರು 9 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 9 ಘನ ಅಡಿ) ಬೇಕು, ಪಂಪು ಕೊಡುವುದು 170 ಲೀಟರ್ ಎಂದಿಟ್ಟುಕೊಳ್ಳಿ. ಕೊರತೆ 80 ಲೀಟರ್. 50 ಲೀಟರ್ ಟ್ಯಾಂಕ್ 8ರಿಂದ 5.5 ಬಾರ್‌ಗೆ ಇಳಿಯುವಾಗ ಕೊಡುವ ಹೆಚ್ಚುವರಿ ಗಾಳಿ 125 ಲೀಟರ್, ಒಂದೂವರೆ ನಿಮಿಷದ ಬಾಬ್ತು. ಟ್ಯಾಂಕ್ ಎರಡು ಪಟ್ಟಾದರೆ ಮೂರು ನಿಮಿಷ, ಆಮೇಲೆ ಮತ್ತದೇ ಕಥೆ. ಖರೀದಿಸುವಾಗ ಪಟ್ಟಿಯ ಮೇಲಿನ ‘ಡಿಸ್‌ಪ್ಲೇಸ್‌ಮೆಂಟ್’ (ಪಿಸ್ಟನ್ ಓಡಾಡುವ ಜಾಗದ ಲೆಕ್ಕ) ಅಂಕಿ ನಂಬಬೇಡಿ. ನಿಜವಾಗಿ ಹೊರಬರುವ ಗಾಳಿ (ಎಫ್‌ಎಡಿ) ಅದರ 60–75 ಶೇಕಡಾ ಮಾತ್ರ.

ಹೊಸ ಪಂಪಿನ ಯೋಚನೆಗೆ ಮೊದಲು ಈಗಿನದು ಪೂರ್ತಿ ಗಾಳಿ ಕೊಡುತ್ತಿದೆಯೇ ಪರೀಕ್ಷಿಸಿ. ಖಾಲಿ ಟ್ಯಾಂಕ್ ಕಟ್-ಆಫ್‌ಗೆ ಬರಲು ಎಷ್ಟು ಹೊತ್ತು ಬೇಕು, ಗಡಿಯಾರ ಹಿಡಿದು ಬರೆದಿಡಿ. ಹೊಸದಿದ್ದಾಗ 3 ನಿಮಿಷ ಸಾಕಾಗಿದ್ದು ಈಗ 4 ಬೇಕೆಂದರೆ ಫಿಲ್ಟರ್, ಬೆಲ್ಟ್, ವಾಲ್ವ್ ಪ್ಲೇಟ್ ಈ ಕ್ರಮದಲ್ಲಿ ನೋಡಿ. ಬೆಲ್ಟನ್ನು ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಲ್ಲಿ ಒತ್ತಿದರೆ 10–13 ಮಿ.ಮೀ. ತಗ್ಗಬೇಕು. ಜಾಯಿಂಟ್‌ಗಳಿಗೆ ಸೋಪು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. 6 ಮಿ.ಮೀ. ಒಳಅಳತೆಯ ಹೋಸ್ ಇದ್ದರೆ 10 ಮಿ.ಮೀ.ಗೆ ಬದಲಿಸಿ. ಗನ್ನಿಗೆ ಹೋಗುವ ಒತ್ತಡ ನಿಗದಿಮಾಡುವ ರೆಗ್ಯುಲೇಟರನ್ನು ಟ್ರಿಗರ್ ಒತ್ತಿಹಿಡಿದು ಹೊಂದಿಸಿ. ಬಿಟ್ಟಿರುವಾಗ ಕಾಣುವ ಒತ್ತಡ ಕೆಲಸದಲ್ಲಿ ಸಿಗುವುದಿಲ್ಲ.

ನಿಲ್ಲದೆ ಓಡುವುದು ಪಂಪಿಗೂ ಕೆಡುಕು. ಇಂಥ ಯಂತ್ರಗಳಲ್ಲಿ ಹೆಚ್ಚಿನವು ಹತ್ತು ನಿಮಿಷದಲ್ಲಿ ಐದಾರು ನಿಮಿಷ ಓಡಿ, ಉಳಿದ ಹೊತ್ತು ತಣಿಯುವ ಲೆಕ್ಕದಲ್ಲಿ ತಯಾರಾದವು. ಇನ್ನು, ಬಣ್ಣದ ಥಿನ್ನರ್ ಆವಿ ಹೊತ್ತಿಕೊಳ್ಳಲು ಪ್ರೆಶರ್ ಸ್ವಿಚ್ಚಿನ ಕಿಡಿ ಸಾಕು. ಯಂತ್ರ ಕನಿಷ್ಠ 6 ಮೀಟರ್ ದೂರ, ಗಾಳಿ ಬೀಸಿ ಬರುವ ಕಡೆಗಿರಲಿ.

ಪ್ರಶ್ನೆ: ಕೆಲಸ ಮುಗಿದ ಮೇಲೆ ಹುಡುಗರು ಗಾಳಿ ಹೊಡೆದುಕೊಂಡು ಬಟ್ಟೆಯ ಧೂಳು ಕೊಡವಿಕೊಳ್ಳುತ್ತಾರೆ. ಅಪಾಯವೇ?

ಉತ್ತರ: ಖಂಡಿತ ಅಪಾಯ, ಇಂದೇ ನಿಲ್ಲಿಸಿ. ಗಾಯದ ಬಾಯಿಯಿಂದ ಗಾಳಿ ಚರ್ಮದಡಿ ನುಗ್ಗಬಹುದು, ಕಿವಿಯ ತಮಟೆ ಹರಿಯಬಹುದು, ಧೂಳು ಕಣ್ಣಿಗೆ ಹೊಡೆಯಬಹುದು. ತಮಾಷೆಗೆಂದು ಹಿಂಭಾಗಕ್ಕೆ ಗಾಳಿ ಬಿಟ್ಟು ಕರುಳು ಹರಿದು ಸತ್ತವರಿದ್ದಾರೆ. ಬಟ್ಟೆಯ ಮೇಲಿಂದ ಬಿಟ್ಟರೂ ಗಾಳಿ ಒಳಹೋಗುತ್ತದೆ. ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿ. ಬಟ್ಟೆಗೆ ಬ್ರಶ್ ಅಥವಾ ವ್ಯಾಕ್ಯೂಮ್ ಬಳಸಲಿ. ಯಂತ್ರದ ಭಾಗಗಳ ಧೂಳು ಹಾರಿಸಲು 2 ಬಾರ್ (30 ಪಿಎಸ್‌ಐ) ಮೀರದ ಒತ್ತಡ, ಪಕ್ಕದಲ್ಲಿ ತೂತಿರುವ ಸುರಕ್ಷತಾ ನಾಝಲ್, ಕಣ್ಣಿಗೆ ಕನ್ನಡಕ, ಈ ಮೂರೂ ಇರಬೇಕು.

ಪ್ರಶ್ನೆ: ಎರಡು ತಿಂಗಳು ಯಂತ್ರ ಬಳಸುವುದಿಲ್ಲ. ವಾಹನದಲ್ಲಿ ಬೇರೆಡೆ ಸಾಗಿಸಿ ಇಡಬೇಕು.

ಉತ್ತರ: ಹೋಸ್ ಬಿಚ್ಚುವ ಮುನ್ನ ಅದರೊಳಗಿನ ಗಾಳಿ ಬಿಡಿ. ಒತ್ತಡವಿರುವಾಗ ಕಳಚಿದ ಹೋಸ್ ಮುಖಕ್ಕೇ ಬಡಿಯುತ್ತದೆ. ಟ್ಯಾಂಕ್ ಖಾಲಿ ಮಾಡಿ, ನೀರು ಇಳಿಸಿ, ಡ್ರೈನ್ ತೆರೆದಿಡಿ. ಎಣ್ಣೆಯಿರುವ ಪಂಪನ್ನು ಮಲಗಿಸಬಾರದು, ಎಣ್ಣೆ ಸಿಲಿಂಡರಿನ ಮೇಲ್ಭಾಗಕ್ಕೂ ಫಿಲ್ಟರಿಗೂ ಹರಿಯುತ್ತದೆ. ನೆಟ್ಟಗೆ ನಿಲ್ಲಿಸಿ ಹಗ್ಗದಿಂದ ಬಿಗಿಯಿರಿ. ಮತ್ತೆ ಶುರುಮಾಡುವಾಗ ಎಣ್ಣೆಯ ಮಟ್ಟ ನೋಡಿ, ಪ್ಲಗ್ ಹಾಕುವ ಮುನ್ನ ಫ್ಲೈವೀಲನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಡ್ರೈನ್ ತೆರೆದೇ ಹತ್ತು ನಿಮಿಷ ಓಡಿಸಿ, ಆಮೇಲೆ ಮುಚ್ಚಿ.